ಸ್ಕೋಪು ರೋಗಿಯ ಬಾಯಿಗೆ ಹೋಗುವ ಮೊದಲು

ಓದುಗರ ಪ್ರಶ್ನೆ, ತಜ್ಞರ ಉತ್ತರ

ಬಾಯಿ ಅಥವಾ ಗುದದ ಮೂಲಕ ಕ್ಯಾಮೆರಾ ಇರುವ ಉದ್ದ ಕೊಳವೆಯನ್ನು (ಸ್ಕೋಪು) ತೂರಿಸಿ ಜಠರ, ಕರುಳು ನೋಡುವುದೇ ಎಂಡೋಸ್ಕೋಪಿ. ಅದನ್ನು ಕಲಿಯುವವರಿಗೆ ರೋಗಿಯ ಬದಲು ಸಿಮ್ಯುಲೇಟರ್ ಎಂಬ ವರ್ಚುವಲ್ ರಿಯಾಲಿಟಿ ಯಂತ್ರದಲ್ಲಿ ತರಬೇತಿ ಕೊಡುವ ಬಗ್ಗೆ ಹಿಂದಿನ ಸಂಚಿಕೆಯಲ್ಲೊಂದು ಪುಟ್ಟ ಟಿಪ್ಪಣಿ ಇತ್ತು. ಅದಕ್ಕೆ ಮಂಗಳೂರು, ಉಡುಪಿ ಕಡೆಯಿಂದ ಸಾಕಷ್ಟು ಪತ್ರಗಳು ಬಂದಿವೆ. ಕಲಿಯುವವರು, ಕಲಿಸುವವರು, ಹೊಟ್ಟೆ ತೋರಿಸಲು ಹೋಗುವವರು, ಮೂರೂ ಕಡೆಯವರು ಬರೆದಿದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ವರ್ಚುವಲ್ ರಿಯಾಲಿಟಿ ಅಂದರೆ ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಳ್ಳುವುದಲ್ಲವೇ? ಡಾಕ್ಟರುಗಳೂ ಹಾಗೇ ಕಲಿಯುತ್ತಾರಾ?
(ದ್ವಿತೀಯ ಪಿಯು ವಿದ್ಯಾರ್ಥಿನಿ, ಮೂಡುಬಿದಿರೆ)

ಎಂಡೋಸ್ಕೋಪಿಗೆ ಆ ಕನ್ನಡಕ ಬೇಕಿಲ್ಲ. ನಿಜವಾದ ಎಂಡೋಸ್ಕೋಪಿಯಲ್ಲೂ ಡಾಕ್ಟರು ನೋಡುವುದು ಎದುರಿನ ಪರದೆಯನ್ನೇ, ರೋಗಿಯ ಹೊಟ್ಟೆಯನ್ನಲ್ಲ. ಹಾಗಾಗಿ ಯಂತ್ರದಲ್ಲೂ ಅಷ್ಟೇ ಸಾಕು. ಮೇಜಿನ ಮೇಲೆ ಮುಂಡದಂಥ ಒಂದು ಪೆಟ್ಟಿಗೆ, ಅದಕ್ಕೆ ಬಾಯಿಯ ತೂತು ಒಂದು, ಗುದದ ತೂತು ಒಂದು. ಕೈಯಲ್ಲಿ ಹಿಡಿಯುವ ಸ್ಕೋಪು ನೋಡಲು ಅಸಲಿನಂತೆಯೇ ಇರುತ್ತದೆ, ಆದರೆ ಅದರ ತುದಿಯಲ್ಲಿ ಕ್ಯಾಮೆರಾ ಇಲ್ಲ, ಸೆನ್ಸರ್ ಇದೆ. ಸ್ಕೋಪು ಎಷ್ಟು ಒಳಗೆ ಹೋಯಿತು, ಎಷ್ಟು ತಿರುಗಿತು, ತುದಿಯನ್ನು ಬಾಗಿಸುವ ಚಕ್ರವನ್ನು ಎಷ್ಟು ತಿರುವಿದ್ದೀರಿ ಎಂಬುದನ್ನು ಕಂಪ್ಯೂಟರ್ ಅಳೆದು, ಆ ಜಾಗದಲ್ಲಿ ಜಠರ ಅಥವಾ ದೊಡ್ಡ ಕರುಳು ಹೇಗೆ ಕಾಣಬೇಕೋ ಹಾಗೆ ಚಿತ್ರ ಬರೆದು ತೋರಿಸುತ್ತದೆ. ಗೋಡೆಗೆ ತಾಗಿದರೆ ಪೆಟ್ಟಿಗೆಯೊಳಗಿನ ಹಿಡಿಕೆ ಸ್ಕೋಪನ್ನು ಬಿಗಿಹಿಡಿಯುತ್ತದೆ, ಕೈಗೆ ತಡೆ ಗೊತ್ತಾಗುತ್ತದೆ. ಇಂಥ ಯಂತ್ರಗಳಲ್ಲಿ ಹೆಚ್ಚು ಹೆಸರು ಕೇಳುವುದು ಜಿಐ ಮೆಂಟರ್. ಇಸ್ರೇಲಿನ ಸಿಂಬಯೋನಿಕ್ಸ್ ಕಂಪನಿ ತಂದದ್ದು, ಈಗ ಸ್ವೀಡನ್ನಿನ ಸರ್ಜಿಕಲ್ ಸೈನ್ಸ್ ಕೈಯಲ್ಲಿದೆ.

ಪ್ರಶ್ನೆ: ಡಿ.ಎಂ. ಗ್ಯಾಸ್ಟ್ರೋಎಂಟರಾಲಜಿಗೆ (ಜಠರ, ಕರುಳಿನ ಕಾಯಿಲೆಗಳ ಉನ್ನತ ವ್ಯಾಸಂಗ) ಈಗಷ್ಟೇ ಸೇರಿದ್ದೇನೆ. ‘ಒಂದು ತಿಂಗಳು ಯಂತ್ರದ ಮುಂದೆ ಕೂತು ಕಲಿ, ಆಮೇಲೆ ರೋಗಿ’ ಎಂದಿದ್ದಾರೆ ನಮ್ಮ ಸರ್. ಯಾವುದರಿಂದ ಶುರು ಮಾಡಲಿ? ದಿನಕ್ಕೆ ಎಷ್ಟು ಹೊತ್ತು?
(ಡಿ.ಎಂ. ವಿದ್ಯಾರ್ಥಿ, ದೇರಳಕಟ್ಟೆ)

ಮೊದಲನೆಯದಾಗಿ, ಕೂತು ಬೇಡ, ನಿಂತು ಕಲಿಯಿರಿ. ಯಂತ್ರದ ಎತ್ತರ ಎಂಡೋಸ್ಕೋಪಿ ಕೋಣೆಯ ಮಂಚದಷ್ಟೇ ಇರಲಿ: ಮೊಣಕೈ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ 10 ಸೆಂ.ಮೀ. ಒಳಗೆ ಕೆಳಕ್ಕೆ. ಪರದೆ ನೇರ ಎದುರಿಗೆ, ಕಣ್ಣಿಗಿಂತ ತುಸು ತಗ್ಗಿನಲ್ಲಿ. ಕುತ್ತಿಗೆ ಓರೆ ಮಾಡಿ ನೋಡುವ ಅಭ್ಯಾಸ ಮೊದಲ ವಾರದಲ್ಲಿ ಅಂಟಿಕೊಂಡರೆ ಇಪ್ಪತ್ತು ವರ್ಷ ಬಿಡುವುದಿಲ್ಲ.

ಮೊದಲ ಎರಡು ದಿನ ಯಂತ್ರದಲ್ಲಿರುವ ಯಾವ ಕೇಸನ್ನೂ, ಅಂದರೆ ಯಾವ ಕಾಲ್ಪನಿಕ ರೋಗಿಯನ್ನೂ, ತೆರೆಯಬೇಡಿ. ಹಿಡಿತ ಮಾತ್ರ. ಗುಂಡಿ, ಚಕ್ರಗಳಿರುವ ಸ್ಕೋಪಿನ ತಲೆ ಎಡಗೈಯಲ್ಲಿ. ಉಂಗುರ ಬೆರಳು, ಕಿರುಬೆರಳು ಅದನ್ನು ಬಳಸಿ ಹಿಡಿಯಬೇಕು. ತೋರುಬೆರಳು ಕೆಂಪು ಗುಂಡಿಗೆ, ಅದು ಸಕ್ಷನ್, ಅಂದರೆ ಹೀರುವುದು. ನಡುಬೆರಳು ನೀಲಿ ಗುಂಡಿಗೆ, ಅದು ಗಾಳಿ ಮತ್ತು ನೀರು. ನೀಲಿ ಗುಂಡಿಯ ತೂತನ್ನು ಬೆರಳಲ್ಲಿ ಮುಚ್ಚಿದರೆ ಗಾಳಿ ಹೋಗುತ್ತದೆ, ಪೂರ್ತಿ ಅದುಮಿದರೆ ಲೆನ್ಸಿನ ಮೇಲೆ ನೀರು ಚಿಮ್ಮುತ್ತದೆ. ಹೊಸಬರು ಬೆರಳನ್ನು ಸುಮ್ಮನೆ ಆ ತೂತಿನ ಮೇಲೆ ಇಟ್ಟುಕೊಂಡೇ ಇರುತ್ತಾರೆ, ಗಾಳಿ ಹೋಗುತ್ತಲೇ ಇರುತ್ತದೆ. ರೋಗಿ ಹೊಟ್ಟೆ ಉಬ್ಬಿ ತೇಗುತ್ತಾ ಒದ್ದಾಡುವುದು ಎಷ್ಟೋ ಸಲ ಇದರಿಂದಲೇ. ಹೆಬ್ಬೆರಳು ದೊಡ್ಡ ಚಕ್ರಕ್ಕೆ ಮೀಸಲು, ಅದು ತುದಿಯನ್ನು ಮೇಲೆ ಕೆಳಗೆ ಬಾಗಿಸುತ್ತದೆ. ಚಿಕ್ಕ ಚಕ್ರ ಎಡಕ್ಕೆ ಬಲಕ್ಕೆ. ಬಲಗೈ ಬಾಯಿಯಿಂದ 20–30 ಸೆಂ.ಮೀ. ದೂರದಲ್ಲಿ ಸ್ಕೋಪಿನ ಕೊಳವೆಯನ್ನು ಬೆರಳ ತುದಿಗಳಲ್ಲಿ ಹಿಡಿದಿರಬೇಕು. ಆ ಬಲಗೈಯನ್ನು ಚಕ್ರ ತಿರುಗಿಸಲು ಪದೇಪದೇ ಮೇಲೆ ತರುವುದೇ ಹೊಸಬರ ಸಾಮಾನ್ಯ ತಪ್ಪು. ಕೈ ಬಿಟ್ಟ ಕ್ಷಣ ಸ್ಕೋಪು ಜಾರುತ್ತದೆ, ಕಂಡದ್ದು ಕಳೆದುಹೋಗುತ್ತದೆ.

ಮೂರನೇ ದಿನದಿಂದ ಆಟದಂಥ ಅಭ್ಯಾಸಗಳು. ಸುರಂಗದೊಳಗೆ ತೇಲುವ 20 ಬಲೂನುಗಳನ್ನು ಗೋಡೆಗೆ ತಾಗದೆ ಸೂಜಿಯಿಂದ ಒಡೆಯುವುದು ಒಂದು. ಚೆಂಡು ಎತ್ತಿ ಬುಟ್ಟಿಗೆ ಹಾಕುವುದು ಇನ್ನೊಂದು. ಇವನ್ನು ಮಕ್ಕಳಾಟ ಎಂದು ಹಾರಿಸಿ ನೇರ ಜಠರಕ್ಕೆ ಹೋಗುವವರೇ ಹೆಚ್ಚು. ಆದರೆ ಚಕ್ರ ಮತ್ತು ತಿರುಚುವಿಕೆಯನ್ನು ಒಟ್ಟಿಗೆ ಬಳಸುವುದು ಕೈಗೆ ಕೂರುವುದು ಇಲ್ಲೇ. ಚಕ್ರ ಮೇಲಕ್ಕೆ ಕೊಟ್ಟು ಕೊಳವೆಯನ್ನು ಬಲಕ್ಕೆ ತಿರುಚಿದರೆ ತುದಿ ಬಲಕ್ಕೆ ಹೋಗುತ್ತದೆ, ಚಿಕ್ಕ ಚಕ್ರ ಮುಟ್ಟುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ.

ಬಳಿಕ ಗ್ಯಾಸ್ಟ್ರೋಸ್ಕೋಪಿ, ಅಂದರೆ ಬಾಯಿಯಿಂದ ಇಳಿದು ಜಠರ ನೋಡುವುದು. ನಾಲಿಗೆಯ ಮಧ್ಯರೇಖೆ ಹಿಡಿದು ಇಳಿಯಿರಿ. ಧ್ವನಿಪೆಟ್ಟಿಗೆ ಕಂಡ ಮೇಲೆ ಅದರ ಹಿಂದೆ, ಪಕ್ಕದ ಗುಳಿಯ ದಾರಿಯಲ್ಲಿ ಸಾಗಿ. ಹಲ್ಲಿನಿಂದ ಸುಮಾರು 15 ಸೆಂ.ಮೀ.ಗೆ ಅನ್ನನಾಳದ ಬಾಗಿಲು. ಅಲ್ಲಿ ನೂಕಬಾರದು. ನುಂಗಲು ಹೇಳಿ, ತೆರೆದಾಗ ಹೋಗಬೇಕು. ಸುಮಾರು 40 ಸೆಂ.ಮೀ.ಗೆ ಅನ್ನನಾಳ ಮುಗಿದು ಜಠರ. ಮಡಿಕೆಗಳ ಉದ್ದಕ್ಕೆ ಸಾಗಿ ಆಂಟ್ರಮ್ (ಜಠರದ ಕೆಳಭಾಗ), ಪೈಲೋರಸ್ (ಜಠರದ ಹೊರಬಾಗಿಲು), ಡುವೋಡಿನಮ್ಮಿನ (ಸಣ್ಣ ಕರುಳಿನ ಆರಂಭ) ಮೊದಲ ಭಾಗ. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಎರಡನೇ ಭಾಗಕ್ಕೆ ಇಳಿಯುವುದೇ ಕಷ್ಟ. ತಿರುವಿನಲ್ಲಿ ದೊಡ್ಡ ಚಕ್ರ ಮೇಲಕ್ಕೆ, ಚಿಕ್ಕ ಚಕ್ರ ಬಲಕ್ಕೆ, ಕೊಳವೆಯನ್ನು ಬಲಕ್ಕೆ ತಿರುಚಿ. ಆಮೇಲೆ ಸ್ಕೋಪನ್ನು ಹಿಂದಕ್ಕೆ ಎಳೆಯಿರಿ. ಎಳೆದಂತೆ ತುದಿ ಮುಂದೆ ಹೋಗುತ್ತದೆ, ಏಕೆಂದರೆ ಜಠರದ ದೊಡ್ಡ ಬಾಗಿನಲ್ಲಿ ಹಾದುಕೊಂಡಿದ್ದ ಸ್ಕೋಪು ಈಗ ನೆಟ್ಟಗಾಗುತ್ತಿದೆ. ಹೊಸಬರು ಇಲ್ಲಿ ಎಳೆಯುವ ಬದಲು ನೂಕುತ್ತಾರೆ. ಬಾಗು ಇನ್ನೂ ಹಿಗ್ಗುತ್ತದೆ, ರೋಗಿಗೆ ನೋವು, ತುದಿ ಅಲ್ಲೇ. ಎಳೆದು ಸರಿಯಾಗಿ ನೆಟ್ಟಗಾದರೆ ಹಲ್ಲಿನ ಹತ್ತಿರದ ಗುರುತು 55–60 ಸೆಂ.ಮೀ. ತೋರಿಸುತ್ತದೆ.

ವಾಪಸು ಬರುತ್ತಾ ಜೆ ತಿರುವು, ಅಂದರೆ ತುದಿಯನ್ನು ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿಸಿ ಹಿಂದಕ್ಕೆ ನೋಡುವುದು. ಆಂಟ್ರಮ್ಮಿನಲ್ಲಿ ದೊಡ್ಡ ಚಕ್ರ ಪೂರ್ತಿ ಮೇಲಕ್ಕೆ ಕೊಟ್ಟು ಸ್ವಲ್ಪ ನೂಕಿದರೆ ನಿಮ್ಮದೇ ಸ್ಕೋಪು ಮೇಲಿನಿಂದ ಇಳಿಯುತ್ತಿರುವುದು ಕಾಣುತ್ತದೆ. ಹಾಗೇ ಎಳೆದರೆ ಜಠರದ ಮೇಲ್ಭಾಗ ಹತ್ತಿರ ಬರುತ್ತದೆ. ಎಡಬಲ ತಿರುಚಿ ಸುತ್ತ ನೋಡಿ. ಮುಗಿದ ಮೇಲೆ ಚಕ್ರದ ಲಾಕ್ ಬಿಡಿಸಿ, ತುದಿ ನೆಟ್ಟಗೆ ಮಾಡಿಯೇ ಹೊರಗೆ ಬರಬೇಕು. ಲಾಕ್ ಹಾಕಿದ ತುದಿಯನ್ನು ಅನ್ನನಾಳದ ಮೂಲಕ ಎಳೆದರೆ ಯಂತ್ರ ಕೆಂಪು ಅಕ್ಷರದಲ್ಲಿ ಎಚ್ಚರಿಸುತ್ತದೆ, ರೋಗಿಯಾದರೆ ಗೋಡೆ ಹರಿದುಹೋಗಬಹುದು.

ಮೊದಲ ದಿನದಿಂದಲೇ ಫೋಟೋ ತೆಗೆಯಿರಿ. ಯುರೋಪಿನ ಎಂಡೋಸ್ಕೋಪಿ ಸೊಸೈಟಿಯ 2016ರ ಮಾನದಂಡದಂತೆ ಒಂದು ಗ್ಯಾಸ್ಟ್ರೋಸ್ಕೋಪಿಗೆ ಕನಿಷ್ಠ 10 ಚಿತ್ರ, ಒಳಹೊಕ್ಕಾಗಿನಿಂದ ಹೊರಬರುವವರೆಗೆ ಕನಿಷ್ಠ 7 ನಿಮಿಷ. ಹೊತ್ತಿನ ವಿಚಾರಕ್ಕೆ ಬಂದರೆ, ದಿನಕ್ಕೆ 45 ನಿಮಿಷ ಸಾಕು, ಆದರೆ ಪ್ರತಿದಿನ. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂತರೆ ಕೈ ಸೋಲುತ್ತದೆ, ಕಲಿತದ್ದು ಮಂಗಳವಾರಕ್ಕೆ ಉಳಿದಿರುವುದಿಲ್ಲ.

ಇನ್ನೊಂದು. ಯಂತ್ರದ ಮುಂದೆಯೂ ಬಾಯಿಬಿಟ್ಟು ಮಾತನಾಡಿ. ಮಂಗಳೂರಿನ ವೆನ್‌ಲಾಕ್‌ನಂಥ ಸರ್ಕಾರಿ ಆಸ್ಪತ್ರೆಯ ಮಂಚದಲ್ಲಿ ಮಲಗುವ ಅಮ್ಮನಿಗೆ ಇಂಗ್ಲಿಷ್ ಬಾರದಿರಬಹುದು, ಕನ್ನಡವೂ ಎರಡನೇ ಭಾಷೆಯಾಗಿರಬಹುದು. ‘ಬೇನೆ ಆಪುಂಡಾ?’ ಎಂದು ತುಳುವಿನಲ್ಲಿ ಕೇಳುತ್ತಲೇ ಕೈ ಕೆಲಸ ಮಾಡಬೇಕು. ಮಾತು ಮತ್ತು ಚಕ್ರ ಎರಡೂ ಒಟ್ಟಿಗೆ ಬರಲು ಅಭ್ಯಾಸ ಬೇಕು.

ಪ್ರಶ್ನೆ: ನನ್ನ ಕೈ ಚಿಕ್ಕದು. ಹೆಬ್ಬೆರಳು ಚಿಕ್ಕ ಚಕ್ರಕ್ಕೆ ಎಟುಕುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಮಣಿಕಟ್ಟಿನ ಬುಡ ನೋಯುತ್ತದೆ. ಈ ಕೆಲಸ ನನಗಲ್ಲವೇನೋ.
(ಎಂ.ಎಸ್. ಸರ್ಜರಿ ವಿದ್ಯಾರ್ಥಿನಿ, ಮಂಗಳೂರು)

ಸ್ಕೋಪಿನ ತಲೆಯನ್ನು ದೊಡ್ಡ ಕೈಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾರೆ, ತಪ್ಪು ನಿಮ್ಮದಲ್ಲ. ಚಿಕ್ಕ ಚಕ್ರಕ್ಕೆ ಹೆಬ್ಬೆರಳು ಚಾಚುವುದನ್ನು ಬಿಟ್ಟುಬಿಡಿ. ಹತ್ತರಲ್ಲಿ ಒಂಬತ್ತು ಸಲ ಮೇಲೆ ಹೇಳಿದಂತೆ ದೊಡ್ಡ ಚಕ್ರ ಮತ್ತು ತಿರುಚುವಿಕೆಯಿಂದಲೇ ಕೆಲಸ ಆಗುತ್ತದೆ. ಹತ್ತನೆಯ ಸಲ ಬಲಗೈ ಬೇಕೇ ಬೇಕಾದರೆ, ಕೊಳವೆಯನ್ನು ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳ ನಡುವೆ ಸಿಕ್ಕಿಸಿ ಹಿಡಿದುಕೊಂಡು ಬಲಗೈಯಿಂದ ಚಕ್ರ ತಿರುಗಿಸಿ. ಸ್ಕೋಪು ಜಾರದು. ಸ್ಕೋಪಿನ ತಲೆಯಿಂದ ಬೆಳಕಿನ ಯಂತ್ರಕ್ಕೆ ಹೋಗುವ ದಪ್ಪ ಕೇಬಲ್ ಮುಂಗೈಯ ಹೊರಬದಿಯಲ್ಲಿ ಹಾದುಹೋಗಲಿ, ಅದರ ಭಾರ ಮಣಿಕಟ್ಟಿಗೆ ಬೀಳಬಾರದು. ಮಣಿಕಟ್ಟಿನ ಈ ನೋವು ಹೆಬ್ಬೆರಳ ಬದಿಯಲ್ಲಿದ್ದರೆ ಡಿ ಕ್ವೆರ್ವೇನ್ ಎನ್ನುವ ಸ್ನಾಯುರಜ್ಜು ಉರಿಯೂತದ ಶುರುವಾಗಿರಬಹುದು. 20 ನಿಮಿಷಕ್ಕೊಮ್ಮೆ ಕೈ ಬಿಡಿ, ನೋವು ಮುಂದುವರಿದರೆ ಮೂಳೆ ಡಾಕ್ಟರಿಗೆ ತೋರಿಸಿ. ಈಗಲೇ ತೋರಿಸಿಕೊಂಡರೆ ಒಳ್ಳೆಯದು, ಹುದ್ದೆ ಸಿಕ್ಕ ಮೇಲೆ ರಜೆ ಸಿಗುವುದಿಲ್ಲ.

ಪ್ರಶ್ನೆ: ಯಂತ್ರದಲ್ಲಿ ಕೊಲೊನೋಸ್ಕೋಪಿ (ಗುದದಿಂದ ದೊಡ್ಡ ಕರುಳು ನೋಡುವುದು) ಮಾಡಿದರೆ 4 ನಿಮಿಷಕ್ಕೆ ದೊಡ್ಡ ಕರುಳಿನ ಆ ತುದಿಯ ಸೀಕಮ್ ತಲುಪುತ್ತೇನೆ, ನೂರಕ್ಕೆ ತೊಂಬತ್ತರ ಮೇಲೆ ಅಂಕ. ರೋಗಿಯಲ್ಲಿ ಗುದಕ್ಕೆ ಹತ್ತಿರದ ಸಿಗ್ಮಾಯ್ಡ್ ಬಾಗು ದಾಟುವುದೇ ಇಲ್ಲ. ಎಲ್ಲಿ ತಪ್ಪುತ್ತಿದೆ?
(ಡಿ.ಎನ್.ಬಿ. ವಿದ್ಯಾರ್ಥಿ, ಉಡುಪಿ)

ಆ 4 ನಿಮಿಷವೇ ಅನುಮಾನ ಹುಟ್ಟಿಸುತ್ತದೆ. ಅಂಕಪಟ್ಟಿಯ ಕೆಳಗಿನ ಸಾಲುಗಳನ್ನು ನೋಡಿ: ಕರುಳಿನ ಗೋಡೆಯ ಶೇಕಡಾ ಎಷ್ಟು ನೋಡಿದ್ದೀರಿ, ಎಷ್ಟು ಹೊತ್ತು ಪರದೆ ಬರೀ ಕೆಂಪಾಗಿತ್ತು, ಗೋಡೆಗೆ ಅತಿಯಾದ ಒತ್ತಡ ಎಷ್ಟು ಸಲ, ರೋಗಿಗೆ ನೋವಾದ ಹೊತ್ತು ಎಷ್ಟು. ಸಮಯ ಕಡಿಮೆಯಾಗಿ ಒತ್ತಡ ಹೆಚ್ಚಾಗಿದ್ದರೆ ನೀವು ಯಂತ್ರವನ್ನು ಗೆದ್ದಿದ್ದೀರಿ, ಅಷ್ಟೇ. ಒಂದೇ ಕೇಸನ್ನು ಹತ್ತು ಸಲ ಮಾಡಿದರೆ ಎಲ್ಲಿ ತಿರುವು ಬರುತ್ತದೆಂದು ಕೈಗೆ ಬಾಯಿಪಾಠ ಆಗಿರುತ್ತದೆ.

ಇನ್ನು ಯಂತ್ರಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸ. ಸಿಗ್ಮಾಯ್ಡ್ ಕರುಳು ಹೊಟ್ಟೆಯಲ್ಲಿ ಸಡಿಲವಾಗಿ ತೂಗುತ್ತದೆ. ನೀವು ನೂಕಿದರೆ ಸ್ಕೋಪಿನ ತುದಿ ಮುಂದೆ ಹೋಗುವ ಬದಲು ಕರುಳೇ ಹಿಗ್ಗಿ ಸುತ್ತು ಬೀಳುತ್ತದೆ. ಇದೇ ಲೂಪ್. ಹೆಚ್ಚಾಗಿ ಬೀಳುವುದು ಇಂಗ್ಲಿಷಿನ ಎನ್ ಆಕಾರದ್ದು, ಕೆಲವೊಮ್ಮೆ ಗ್ರೀಕ್ ಅಕ್ಷರ ಆಲ್ಫಾದಂಥದ್ದು. ಯಂತ್ರದಲ್ಲೂ ಲೂಪ್ ಬೀಳುತ್ತದೆ, ಆದರೆ ಅದರ ತಡೆ ನಿಜವಾದ ಕರುಳಿನಷ್ಟು ಬಗೆಬಗೆಯದಲ್ಲ. ಗರ್ಭಕೋಶ ತೆಗೆಸಿಕೊಂಡ ಹೆಂಗಸರಲ್ಲಿ ಸಿಗ್ಮಾಯ್ಡ್ ಅಂಟಿಕೊಂಡು ಬಿಗಿಯಾಗಿರಬಹುದು. ಆ ಬಿಗಿತ ಯಂತ್ರದ ಕೇಸುಗಳಲ್ಲಿ ಅಪರೂಪ.

ಲೂಪ್ ಬಿದ್ದಿದೆ ಎಂದು ತಿಳಿಯುವುದು ಹೇಗೆ? ನೂಕಿದಾಗ ಚಿತ್ರ ಹತ್ತಿರ ಬರುವ ಬದಲು ದೂರ ಸರಿದರೆ ಲೂಪ್. ಎರಡನೆಯ ಗುರುತು ಸ್ಕೋಪಿನ ಮೇಲಿನ ಸೆಂಟಿಮೀಟರು. ನೆಟ್ಟಗಿರುವ ಸ್ಕೋಪು ಎಡ ಮೂಲೆಯ ತಿರುವಿಗೆ, ಅಂದರೆ ಸ್ಪ್ಲೀನಿಕ್ ಫ್ಲೆಕ್ಷರಿಗೆ, 50 ಸೆಂ.ಮೀ.ನಲ್ಲಿ ಇರುತ್ತದೆ, ಸೀಕಮ್ಮಿಗೆ 70–80ರಲ್ಲಿ. ನೀವಿನ್ನೂ ಎಡ ಮೂಲೆಯಲ್ಲಿದ್ದು ಗುದದ ಬಳಿ 80 ಎಂದು ಕಂಡರೆ ಸುಮಾರು 30 ಸೆಂ.ಮೀ. ಸ್ಕೋಪು ಹೊಟ್ಟೆಯಲ್ಲಿ ಸುತ್ತಿಕೊಂಡು ಕೂತಿದೆ.

ಆಗ ಮೊದಲು ನೂಕುವುದನ್ನು ನಿಲ್ಲಿಸಿ. ಗಾಳಿ ಹೀರಿ ಕರುಳನ್ನು ಸಡಿಲ ಮಾಡಿ. ಕೊಳವೆಯನ್ನು ಗಡಿಯಾರದ ದಿಕ್ಕಿಗೆ ತಿರುಚುತ್ತಾ ನಿಧಾನ ಹಿಂದಕ್ಕೆ ಎಳೆಯಿರಿ. ಚಿತ್ರ ಅಲ್ಲೇ ನಿಂತಿದ್ದು ಅಥವಾ ಮುಂದೆ ಸರಿದು ಸ್ಕೋಪು ಮಾತ್ರ ಹೊರಗೆ ಬರುತ್ತಿದ್ದರೆ ಲೂಪ್ ಬಿಡುತ್ತಿದೆ. ನೂಕಿದಷ್ಟೇ ತುದಿ ಸರಿಯುವ ಹದ ಬಂದ ಮೇಲೆಯೇ ಮುಂದೆ. ಬಿಡದಿದ್ದರೆ ರೋಗಿಯನ್ನು ಎಡಮಗ್ಗುಲಿನಿಂದ ಅಂಗಾತ ಮಲಗಿಸಿ, ಸಿಸ್ಟರಿಗೆ ಎಡ ಕಿಬ್ಬೊಟ್ಟೆಯ ಮೇಲೆ ಅಂಗೈಯಿಂದ ಒತ್ತಲು ಹೇಳಿ. ಸಿಗ್ಮಾಯ್ಡಿನಲ್ಲಿ ಗಾಳಿಯ ಬದಲು ನೀರು ತುಂಬಿಸಿ ಸಾಗುವುದೂ ಒಳ್ಳೆಯ ಉಪಾಯ, ಕರುಳು ಉದ್ದವಾಗಿ ಹಿಗ್ಗುವುದಿಲ್ಲ. ಗೋಡೆಯ ಮೇಲೆ ಜಾರಿಸುತ್ತಾ ಹೋಗುವಾಗ ಅದರ ಗುಲಾಬಿ ಬಣ್ಣ ಬೆಳ್ಳಗಾದರೆ ತಕ್ಷಣ ಎಳೆಯಿರಿ. ಬೆಳ್ಳಗಾಗುವುದೆಂದರೆ ಅಲ್ಲಿ ರಕ್ತ ಓಡುತ್ತಿಲ್ಲ, ತೂತು ಬೀಳುವುದಕ್ಕೆ ಮೊದಲಿನ ಎಚ್ಚರಿಕೆ ಅದು.

ಯಂತ್ರದ ಪರದೆಯ ಮೂಲೆಯಲ್ಲಿ ಸ್ಕೋಪು ಹೊಟ್ಟೆಯೊಳಗೆ ಹೇಗೆ ಬಾಗಿದೆ ಎಂದು ತೋರಿಸುವ ನಕ್ಷೆ ಇರುತ್ತದೆ. ನಮ್ಮ ಅನುಮಾನ, ನೀವು ಅದನ್ನು ನೋಡಿಕೊಂಡೇ ಓಡಿಸುತ್ತಿದ್ದೀರಿ. ಮೊದಲ ವಾರ ನೋಡಿ, ಲೂಪ್ ಅಂದರೇನೆಂದು ಕಣ್ಣಿಗೆ ಗೊತ್ತಾಗಲಿ. ಆಮೇಲೆ ಆಫ್ ಮಾಡಿ. ಕೇಸಿನ ನಡುವೆ ‘ಈಗ ಎಲ್ಲಿದ್ದೇನೆ, ಲೂಪ್ ಇದೆಯಾ’ ಎಂದು ನಿಮ್ಮಷ್ಟಕ್ಕೆ ಹೇಳಿ, ನಂತರ ನಕ್ಷೆ ತೆರೆದು ಸರಿಯೋ ಎಂದು ನೋಡಿ. ಆಸ್ಪತ್ರೆಯ ಕೋಣೆಯಲ್ಲಿ ಆ ನಕ್ಷೆ ಸಾಮಾನ್ಯವಾಗಿ ಇರುವುದಿಲ್ಲ.

ಕೊನೆಗೆ ಕರುಳಿನ ಶುಚಿ. ಯಂತ್ರದ ಕರುಳು ಸಾಮಾನ್ಯವಾಗಿ ತೊಳೆದಿಟ್ಟ ಹಾಗೆ ಇರುತ್ತದೆ. ನಮ್ಮೂರಿನ ಕರುಳಿನಲ್ಲಿ ಬಸಳೆ ದಂಟಿನ ನಾರು, ಟೊಮೆಟೊ ಬೀಜ, ಕುಚ್ಚಲಕ್ಕಿ ಅಗುಳು ಉಳಿದಿರುತ್ತವೆ. ಸಕ್ಷನ್ ಹಾಕಿದರೆ ಅವು ಕೊಳವೆಯ ಬಾಯಿಗೆ ಅಂಟಿ ಕಟ್ಟಿಕೊಳ್ಳುತ್ತವೆ. ಕರುಳಿನ ಶುಚಿ ಅಳೆಯುವ ಬೋಸ್ಟನ್ ಅಳತೆಯಲ್ಲಿ ಬಲ, ಅಡ್ಡ, ಎಡ ಮೂರೂ ಭಾಗಗಳಿಗೆ ತಲಾ 0ರಿಂದ 3 ಅಂಕ, 3 ಅಂದರೆ ಪೂರ್ತಿ ಚೊಕ್ಕ. ಯಾವ ಭಾಗಕ್ಕೂ 2ಕ್ಕಿಂತ ಕಡಿಮೆ ಬರಬಾರದು. ಶುರುವಿನ ಕೇಸುಗಳಿಗೆ ಅಂಥವರನ್ನೇ ಆರಿಸಿಕೊಳ್ಳಿ. ಕರುಳು ತೊಳೆಯುವ ಔಷಧಿ ನೀರನ್ನು ಅರ್ಧ ಹಿಂದಿನ ಸಂಜೆ, ಅರ್ಧ ಅದೇ ದಿನ ಬೆಳಿಗ್ಗೆ ಕೊಟ್ಟವರ ಕರುಳು ಹೆಚ್ಚು ಚೊಕ್ಕಟವಾಗಿರುತ್ತದೆ. ಇನ್ನು ಬೇಗ ಹೋಗುವುದಕ್ಕಿಂತ ನಿಧಾನ ಬರುವುದು ಮುಖ್ಯ. ಹಿಂದೆ ಬರುತ್ತಾ ಗೋಡೆ ನೋಡಲು ಕನಿಷ್ಠ 6 ನಿಮಿಷ ಎನ್ನುತ್ತಿದ್ದರು, ಅಮೆರಿಕದ 2024ರ ಮಾನದಂಡ ಅದನ್ನು 8ಕ್ಕೆ ಏರಿಸಿದೆ.

ಪ್ರಶ್ನೆ: ಅಮ್ಮನಿಗೆ ಮುಂದಿನ ವಾರ ಮೆಡಿಕಲ್ ಕಾಲೇಜಿನಲ್ಲಿ ಎಂಡೋಸ್ಕೋಪಿ ಇದೆ. ಕಲಿಯುವ ಹುಡುಗರು ಮಾಡುತ್ತಾರಂತೆ. ಯಂತ್ರದಲ್ಲಿ ಕಲಿತವರಾದರೆ ಭಯ ಇಲ್ಲವೇ? ಬೇಡ ಅನ್ನಬಹುದೇ?
(ಓದುಗರು, ಕಾರ್ಕಳ)

ಬೇಡ ಅನ್ನಬಹುದು, ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಬಾರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ‘ಯಾರು ಮಾಡುತ್ತಾರೆ, ದೊಡ್ಡ ಡಾಕ್ಟರು ಪಕ್ಕದಲ್ಲಿ ಇರುತ್ತಾರಾ?’ ಎಂದು ಕೇಳಿ. ಕಲಿಯುವವರು ಮಾಡುವಾಗ ಹಿರಿಯರು ಪಕ್ಕದಲ್ಲೇ ನಿಂತಿದ್ದು, ತಡವಾದರೆ ಅಥವಾ ಅಮ್ಮನಿಗೆ ಕಷ್ಟವಾದರೆ ಸ್ಕೋಪು ತಮ್ಮ ಕೈಗೆ ತೆಗೆದುಕೊಳ್ಳಬೇಕು. ಹಾಗಿದ್ದರೆ ನಾವು ಭಯಪಡುತ್ತಿರಲಿಲ್ಲ. ಯಂತ್ರದಲ್ಲಿ ಕಲಿತು ಬಂದವರ ಕೈ ಚಕ್ರ, ಗುಂಡಿ ಹುಡುಕುತ್ತಾ ಕೂರುವುದಿಲ್ಲ, ಅಷ್ಟರಮಟ್ಟಿಗೆ ಲಾಭ. ಅದಷ್ಟರಿಂದಲೇ ಅವರು ಪಳಗಿದವರಾಗುವುದಿಲ್ಲ. ಅಮ್ಮನಿಗೆ ಹಿಂದಿನ 6 ಗಂಟೆ ಗಟ್ಟಿ ಆಹಾರ ಬೇಡ, ಗಂಜಿಯೂ ಬೇಡ, ಗಂಜಿ ತಿಳಿನೀರಿನ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟುಹಲ್ಲು ಇದ್ದರೆ ತೆಗೆದಿಡಿ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸದೆ ಮೊದಲೇ ಹೇಳಿ.

ಪ್ರಶ್ನೆ: ಇಷ್ಟು ಗಂಟೆ ಯಂತ್ರದಲ್ಲಿ ಕಳೆದರೆ ರೋಗಿಯ ಮೇಲೆ ಬಿಡಬಹುದು ಎಂಬ ಲೆಕ್ಕ ಇದೆಯೇ? ಕೇಸುಗಳ ಸಂಖ್ಯೆ ಕಡಿಮೆ ಮಾಡಬಹುದೇ?
(ಸಹಪ್ರಾಧ್ಯಾಪಕರು, ಮಣಿಪಾಲ)

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. 2006ರಲ್ಲಿ ಅಮೆರಿಕದ ಹಲವು ಕೇಂದ್ರಗಳು ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಜಿಐ ಮೆಂಟರಿನಲ್ಲಿ 10 ಗಂಟೆ ಅಭ್ಯಾಸ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಇಬ್ಬರ ಕೊಲೊನೋಸ್ಕೋಪಿಗಳನ್ನೂ ಅಳೆದರು. ಮೊದಲ 100 ಕೇಸುಗಳೊಳಗೆ ಯಂತ್ರದವರು ಮುಂದಿದ್ದರು. ಆದರೆ ಶೇ. 90ರ ಸಾಮರ್ಥ್ಯ ತಲುಪಲು ಎರಡೂ ಗುಂಪಿಗೆ ಬೇಕಾದದ್ದು ಸುಮಾರು 160 ಕೇಸು. ಅಂದರೆ ಯಂತ್ರ ಶುರುವಿನ ಏರುದಾರಿಯನ್ನು ಸುಲಭ ಮಾಡುತ್ತದೆ, ಕೊನೆಯ ದೂರವನ್ನು ಕಡಿಮೆ ಮಾಡುವುದಿಲ್ಲ. 18 ಪ್ರಯೋಗಗಳನ್ನು ಒಟ್ಟು ನೋಡಿದ, ವೈದ್ಯಕೀಯ ಸಾಕ್ಷ್ಯಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯೂ ಯಂತ್ರ ಪೂರಕವಾಗಬಲ್ಲದು, ಬದಲಿಯಾಗುತ್ತದೆನ್ನಲು ಸಾಕ್ಷ್ಯ ಸಾಲದು ಎಂದೇ ಹೇಳುತ್ತದೆ. ಆ ಶುರುವಿನ ಕೇಸುಗಳ ರೋಗಿಗಳೂ ರೋಗಿಗಳೇ ಆದ್ದರಿಂದ ಯಂತ್ರ ಬಳಸಲು ನಮಗೆ ಇಷ್ಟೇ ಸಾಕಷ್ಟು ಕಾರಣ.

ಗಂಟೆ ಎಣಿಸುವ ಬದಲು ಮಟ್ಟ ನಿಗದಿ ಮಾಡಿ. ನಿಮ್ಮಲ್ಲಿಯ ಪಳಗಿದ ಮೂರ್ನಾಲ್ಕು ಜನರನ್ನು ಅದೇ ಯಂತ್ರದಲ್ಲಿ ಅದೇ ಕೇಸು ಮಾಡಿಸಿ. ಅವರ ಅಂಕಗಳ ಸರಾಸರಿಯನ್ನು ವಿದ್ಯಾರ್ಥಿ ಎರಡು ಸಲ ಸತತವಾಗಿ ಮುಟ್ಟಲಿ. ಒಬ್ಬರಿಗೆ 6 ಗಂಟೆ ಸಾಕಾದೀತು, ಇನ್ನೊಬ್ಬರಿಗೆ 15 ಬೇಕಾದೀತು. ಸೀಕಮ್ ತಲುಪಿದ ಸಮಯವನ್ನು ಆ ಪಟ್ಟಿಯಿಂದ ಹೊರಗಿಡಿ, ಒತ್ತಡ ಮತ್ತು ನೋಡಿದ ಗೋಡೆಯ ಪ್ರಮಾಣವನ್ನು ಇಟ್ಟುಕೊಳ್ಳಿ.

ಇನ್ನೊಂದು ಕಡೆ ಎಡವುವುದು ಕಲಿಸುವ ರೀತಿಯಲ್ಲಿ. ಯಂತ್ರ ಕೊಂಡು, ಕೋಣೆಗೆ ಬೀಗ ಹಾಕಿ, ಕೀಲಿ ಗುಮಾಸ್ತರ ಕೈಗೆ ಕೊಟ್ಟು, ‘ಪ್ರಾಕ್ಟೀಸ್ ಮಾಡಿಕೊಳ್ಳಿ’ ಎಂದರೆ ವಿದ್ಯಾರ್ಥಿ ತಪ್ಪನ್ನೇ ಅಭ್ಯಾಸ ಮಾಡಿಕೊಂಡು ಬರುತ್ತಾನೆ. ಪಕ್ಕದಲ್ಲಿ ಒಬ್ಬರು ಬೇಕು. ಆದರೆ ಅವರು ಪ್ರತಿ ಸೆಕೆಂಡಿಗೂ ‘ಬಲಕ್ಕೆ, ಎಳಿ, ಗಾಳಿ ಹಾಕು’ ಎನ್ನುತ್ತಿರಬಾರದು. ನಡುನಡುವೆ ಹೇಳಿದ್ದಕ್ಕಿಂತ ಕೇಸು ಮುಗಿದ ಮೇಲೆ ಕೂತು ಹೇಳಿದ್ದು ಕೈಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆಂದು 2009ರಲ್ಲಿ ಕೆನಡಾದಿಂದ ಬಂದ ಅಧ್ಯಯನ ತೋರಿಸಿದೆ. ಮುಗಿದ ಮೇಲೆ ಮೂರೇ ಮಾತು: ಸರಿಯಾದದ್ದು ಒಂದು, ತಪ್ಪಿದ್ದು ಒಂದು, ಮುಂದಿನ ಸಲ ಏನು ಮಾಡಬೇಕು. ರೋಗಿಯ ಮೇಲೆ ಕೈ ಹಾಕಿದ ಬಳಿಕ ಈ ನಿಯಮ ಅನ್ವಯಿಸದು, ಅಪಾಯ ಕಂಡರೆ ಅಲ್ಲೇ ಹೇಳಬೇಕು.

ರೋಗಿಯ ಹಂತದಲ್ಲಿ, ಅಮೆರಿಕದ ಎಂಡೋಸ್ಕೋಪಿ ಸೊಸೈಟಿ ಸಾಮರ್ಥ್ಯ ಅಳೆಯುವ ಮೊದಲು ಮೇಲ್ಭಾಗದ ಎಂಡೋಸ್ಕೋಪಿ 130, ಕೊಲೊನೋಸ್ಕೋಪಿ 275 ಆಗಿರಬೇಕೆನ್ನುತ್ತದೆ. ನೂರಕ್ಕೆ 90 ಕೇಸುಗಳಲ್ಲಾದರೂ ಸಹಾಯವಿಲ್ಲದೆ ಸೀಕಮ್ ತಲುಪಬೇಕು. ಅಷ್ಟು ಕೇಸುಗಳ ಲಾಗ್‌ಬುಕ್ ಬರೆಯುವಾಗ ‘ಮಾಡಿದೆ’ ಎಂದಷ್ಟೇ ಬೇಡ, ಸ್ಕೋಪು ಎಷ್ಟು ಸಲ ಸರ್ ಕೈಗೆ ಹೋಯಿತು, ಎಲ್ಲಿ ಹೋಯಿತು ಎಂದೂ ಬರೆಸಿ. ನಾಲ್ಕು ಪುಟ ತಿರುವಿದರೆ ಆ ವಿದ್ಯಾರ್ಥಿಯನ್ನು ಯಂತ್ರದ ಯಾವ ಪಾಠಕ್ಕೆ ವಾಪಸು ಕಳುಹಿಸಬೇಕೆಂದು ತಿಳಿಯುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಆಸ್ಪತ್ರೆ. ಸಿಮ್ಯುಲೇಟರಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಾವೇ ಏನಾದರೂ ಮಾಡಿಕೊಳ್ಳಬಹುದೇ?
(ಸರ್ಜನ್, ಕುಂದಾಪುರ)

ಖಂಡಿತ. ರೋಗಿಗಳಿಗೆ ಬಳಸಲಾಗದೆ ಮೂಲೆ ಸೇರಿದ, ಆದರೆ ಬೆಳಕು ಮತ್ತು ಚಕ್ರ ಸರಿಯಿರುವ ಹಳೆಯ ಸ್ಕೋಪು ಇದ್ದರೆ ಅರ್ಧ ಕೆಲಸ ಮುಗಿಯಿತು. ಪಂಪಿನ ಅಂಗಡಿಯಲ್ಲಿ ಸಿಗುವ 2 ಇಂಚಿನ ಸುಕ್ಕುಸುಕ್ಕಿನ ಹೀರುಪೈಪು 1.5 ಮೀಟರ್ ತನ್ನಿ. ಅದರ ಒಳಸುಕ್ಕು ದೊಡ್ಡ ಕರುಳಿನ ಮಡಿಕೆಯಂತೆಯೇ ಕಾಣುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಸಿಗ್ಮಾಯ್ಡಿನ ಜಾಗದಲ್ಲಿ ಸಡಿಲ ಬಿಟ್ಟು, ಉಳಿದ ಕಡೆ ಕ್ಲಾಂಪ್ ಹಾಕಿ ಕೂರಿಸಿ. ಪೂರ್ತಿ ಬಿಗಿ ಮಾಡಿದರೆ ಲೂಪೇ ಬೀಳದು, ಕಲಿಯುವುದು ಏನೂ ಇರದು. ಒಳಗೆ ಅಲ್ಲಲ್ಲಿ ಅಕ್ಷರದ ಸ್ಟಿಕ್ಕರ್ ಅಂಟಿಸಿ, ಕೆಲವು ಮಡಿಕೆಯ ಹಿಂಬದಿಗೆ. ವಿದ್ಯಾರ್ಥಿ ವಾಪಸು ಬರುತ್ತಾ ಎಲ್ಲ ಅಕ್ಷರ ಓದಬೇಕು. ಪೈಪಿನ ಕತ್ತರಿಸಿದ ಬಾಯಿಯನ್ನು ಮರಳು ಕಾಗದದಲ್ಲಿ ಉಜ್ಜಿ ನಯ ಮಾಡದಿದ್ದರೆ ಸ್ಕೋಪಿನ ತುದಿಯ ರಬ್ಬರು ಹರಿಯುತ್ತದೆ. ಜಾರಲು ಸೋಪುನೀರು ಅಥವಾ ನೀರಿನ ಜೆಲ್ಲಿ ಬಳಸಿ. ತೆಂಗಿನೆಣ್ಣೆ, ವ್ಯಾಸ್‌ಲೀನ್ ಬೇಡವೇ ಬೇಡ, ರಬ್ಬರು ಹಾಳಾಗುತ್ತದೆ.

ಕರಾವಳಿಗೆ ತೀರಾ ಬೇಕಾದ ಒಂದು ಅಭ್ಯಾಸ ಇದರಲ್ಲೇ ಆಗುತ್ತದೆ: ಮೀನಿನ ಮುಳ್ಳು ತೆಗೆಯುವುದು. ಬೇಯಿಸಿದ ಮೀನಿನ ಮುಳ್ಳೊಂದನ್ನು ಪೈಪಿನೊಳಗೆ ಅಡ್ಡ ಸಿಕ್ಕಿಸಿ. ಫೋರ್ಸೆಪ್ಸಿನಿಂದ (ಸ್ಕೋಪಿನೊಳಗೆ ತೂರಿಸುವ ಚಿಮುಟ) ನಡುವೆ ಹಿಡಿದರೆ ಅಡ್ಡಡ್ಡ ಬಂದು ಎರಡೂ ಕಡೆ ಗೀರುತ್ತದೆ. ಒಂದು ತುದಿ ಹಿಡಿಯಬೇಕು, ಚೂಪು ತುದಿ ಹಿಂದೆ ಬಾಲದಂತೆ ಬರಬೇಕು. ಸ್ಕೋಪಿನ ತುದಿಗೆ ಪಾರದರ್ಶಕ ಕ್ಯಾಪ್ ಹಾಕಿ ಮುಳ್ಳನ್ನು ಅದರೊಳಗೆ ಎಳೆದುಕೊಂಡರೆ ಇನ್ನೂ ಒಳ್ಳೆಯದು.

ಹಂದಿಯ ಜಠರವೂ ಚೆನ್ನಾಗಿ ಒದಗುತ್ತದೆ. 1990ರ ದಶಕದಿಂದ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಅಂಥ ಮಾದರಿಗಳಲ್ಲೇ ರಕ್ತಸ್ರಾವ ನಿಲ್ಲಿಸುವುದನ್ನು ಕಲಿಸಿದರು. ಮಾಂಸದಂಗಡಿಯವರಿಗೆ ಮೊದಲೇ ಹೇಳಿ ಅನ್ನನಾಳ ಮತ್ತು ಡುವೋಡಿನಮ್ ಒಂದು ಗೇಣು ಉಳಿಸಿ ಕೊಯ್ಯಿಸಿ, ತೊಳೆದು, ಅದೇ ದಿನ ಬಳಸಿ. ಒಮ್ಮೆ ಪ್ರಾಣಿಯ ಅಂಗಕ್ಕೆ ಹಾಕಿದ ಸ್ಕೋಪು ಮತ್ತೆ ಮನುಷ್ಯರಿಗೆ ಸಲ್ಲದು. ಅದರ ಮೇಲೆ ಅಳಿಸಲಾಗದ ಬಣ್ಣದಲ್ಲಿ ಬರೆದು, ಬೇರೆ ಕೋಣೆಯಲ್ಲಿ ಬೇರೆ ಕಪಾಟಿನಲ್ಲಿಡಿ. ಉಳಿದ ಅಂಗ ಹಳದಿ ಚೀಲಕ್ಕೆ.

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಸ್ಕಿಲ್ ಲ್ಯಾಬಿನ ಸಿಮ್ಯುಲೇಟರ್ ಸೆನ್ಸರ್ ಎರರ್ ತೋರಿಸುತ್ತದೆ. ಸ್ಕೋಪನ್ನು ಉಳಿದವುಗಳಂತೆ ದ್ರಾವಣದಲ್ಲಿ ಮುಳುಗಿಸಿ ತೊಳೆಯಬೇಕೇ?
(ಸ್ಟಾಫ್ ನರ್ಸ್, ಮಂಗಳೂರು)

ಮುಳುಗಿಸಲೇಬೇಡಿ ಸಿಸ್ಟರ್. ರೋಗಿಗಳ ಸ್ಕೋಪು ನೀರು ಹೋಗದಂತೆ ಮಾಡಿದ್ದು, ಸಿಮ್ಯುಲೇಟರಿನದು ಹಾಗಲ್ಲ. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ. ಜಾರಲು ಕೈಪಿಡಿಯಲ್ಲಿ ಹೇಳಿದ ಸ್ಪ್ರೇ ಮಾತ್ರ. ಯಾರೋ ಅಭ್ಯಾಸಬಲದಿಂದ ಜೆಲ್ಲಿ ಹಚ್ಚಿ ತೂರಿಸಿದರೆ ಅದು ಒಳಗಿನ ಹಿಡಿಕೆಗೆ ಮೆತ್ತಿಕೊಂಡು ಒಣಗಿ, ಆಮೇಲೆ ಸ್ಕೋಪು ಎಲ್ಲಿದೆಯೆಂದೇ ಯಂತ್ರಕ್ಕೆ ತಿಳಿಯುವುದಿಲ್ಲ. ನಿಮ್ಮ ಎರರ್ ಮಳೆಗಾಲಕ್ಕಷ್ಟೇ ಬರುವುದರಿಂದ ಕಾರಣ ತೇವವೇ ಇರಬೇಕು. ಕೋಣೆಯ ತೇವಾಂಶ ಶೇ. 60ರ ಒಳಗಿರಲಿ. ಗೋಡೆಗೊಂದು ತೇವಾಂಶ ಅಳೆಯುವ ಹೈಗ್ರೋಮೀಟರ್ ತೂಗುಹಾಕಿ. ರಾತ್ರಿ ಏಸಿ ಆರಿಸುವುದಾದರೆ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಓಡಲಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ವಿದ್ಯಾರ್ಥಿಗಳು ಬರದಿದ್ದರೂ ದಿನಕ್ಕೆ ಅರ್ಧ ಗಂಟೆ ಯಂತ್ರ ಚಾಲೂ ಇಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ರತಿ ಬೆಳಿಗ್ಗೆ ಕ್ಯಾಲಿಬ್ರೇಶನ್ (ಸೆನ್ಸರಿನ ಅಳತೆ ಸರಿಹೊಂದಿಸುವುದು) ಮಾಡಿಯೇ ಮೊದಲ ಕೇಸು. ಸಿಡಿಲಿನ ಸಂಜೆಗಳಲ್ಲಿ ಯುಪಿಎಸ್ ಇದ್ದರೂ ಪ್ಲಗ್ ಕಿತ್ತಿಡಿ. ಸ್ಕೋಪನ್ನು ಪೆಟ್ಟಿಗೆಯಲ್ಲಿ ಬಿಗಿಯಾಗಿ ಸುತ್ತಿಡದೆ ನೆಟ್ಟಗೆ ತೂಗುಹಾಕಿ. ಇಷ್ಟಾದ ಮೇಲೂ ಎರರ್ ಬಂದರೆ, ಇಂಜಿನಿಯರನ್ನು ಕರೆಯುವ ಮೊದಲು ಟೇಬಲಿನ ಹಿಂದೆ ಟಾರ್ಚ್ ಹಾಕಿ ಕೇಬಲನ್ನು ಇಲಿ ಕಡಿದಿದೆಯೇ ನೋಡಿ.